ಸುಟ್ಟ ಮೋಟರ್, ನಾಲ್ಕು ದಿನದ ಕೆಲಸ: ದುರ್ಗದ ಒಂದು ವೈಂಡಿಂಗ್ ಅಂಗಡಿಯ ವಿಮರ್ಶೆ

ಮಾರ್ಚ್ ಬಂತೆಂದರೆ ಚಿತ್ರದುರ್ಗ, ದಾವಣಗೆರೆ ಕಡೆ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ವೈಂಡಿಂಗ್ ಅಂಗಡಿಗಳ ಮುಂದೆ, ಬೋರಿನೊಳಗೆ ಮುಳುಗಿ ಓಡುವ ಸಬ್‌ಮರ್ಸಿಬಲ್ ಮೋಟರುಗಳು ಸಾಲಾಗಿ ಮಲಗಿರುತ್ತವೆ. ಹೊಳಲ್ಕೆರೆ, ಚನ್ನಗಿರಿಯ ಅಡಿಕೆ ತೋಟದವರು, ಹಿರಿಯೂರಿನ ದಾಳಿಂಬೆಯವರು, ಜಗಳೂರು ಕಡೆಯ ಈರುಳ್ಳಿ ಬೆಳೆಗಾರರು, ಎಲ್ಲರಿಗೂ ಒಂದೇ ಆತುರ: ನಾಳೆ ಬೆಳಿಗ್ಗೆಗೆ ಬೇಕು. ಬಿಸಿಲಿಗೆ ಅಡಿಕೆ ಸೋಗೆ ಬಾಡುತ್ತಿರುವಾಗ ಆ ಆತುರ ತಪ್ಪೂ ಅಲ್ಲ. ರಾತ್ರಿ ಕೊಟ್ಟರೆ ಬೆಳಿಗ್ಗೆ ಸುತ್ತಿ ಕೊಡುವ ಅಂಗಡಿಗಳು ಬೇಕಾದಷ್ಟಿವೆ. ಆದರೆ ಹಾಗೆ ಹೋದ ಮೋಟರುಗಳಲ್ಲಿ ಎಷ್ಟೋ ಅದೇ ಬೇಸಿಗೆಯಲ್ಲಿ ಇನ್ನೊಮ್ಮೆ ಮೇಲೆ ಬರುತ್ತವೆ. 600 ಅಡಿಗೆ ಇಳಿಸಿದ್ದರೆ 20 ಅಡಿಯ ಜಿಐ ಪೈಪು 30 ಬಿಚ್ಚಬೇಕು, ಮತ್ತೆ 30 ಜೋಡಿಸಬೇಕು. ಎತ್ತುವ ಗಾಡಿಯ ಬಾಡಿಗೆ, ಆಳಿನ ಕೂಲಿ, ಅಷ್ಟು ದಿನ ನೀರಿಲ್ಲದ ತೋಟ ಎಲ್ಲ ಸೇರಿಸಿದರೆ ವೈಂಡಿಂಗ್ ಖರ್ಚು ಅದರ ಮುಂದೆ ಸಣ್ಣದು.

ಚಿತ್ರದುರ್ಗದ ಹೊರವಲಯದಲ್ಲಿ ಇದಕ್ಕೆ ಪೂರ್ತಿ ವಿರುದ್ಧವಾಗಿ ನಡೆಯುವ ಒಂದು ಸಣ್ಣ ಅಂಗಡಿಯಿದೆ. ಬರುವ ಕೆಲಸವೇ ಮುಗಿಯುತ್ತಿಲ್ಲ, ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದರಿಂದ ಹೆಸರು ಬರೆದಿಲ್ಲ. ಆದರೆ ಅಲ್ಲಿ ನಡೆಯುವ ಕೆಲಸವನ್ನು ಬಿಡಿಸಿ ಬರೆದರೆ ಯಾವ ಊರಿನವರಾದರೂ ತಮ್ಮೂರಿನ ಅಂಗಡಿಯನ್ನು ಇದರ ಪಕ್ಕ ಇಟ್ಟು ನೋಡಬಹುದು. ಅಲ್ಲಿ ಯಾವ ದೊಡ್ಡ ಮಿಷನ್ನೂ ಇಲ್ಲ. ಇರುವುದು ತಂತಿಯ ಹೊದಿಕೆಯಿಂದ ಕರೆಂಟ್ ಸೋರುತ್ತದೆಯೇ ಎಂದು ನೋಡುವ ಒಂದು ಮೆಗ್ಗರ್, ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಒಂದು ಟಾಂಗ್ ಟೆಸ್ಟರ್, ಒಂದು ತಕ್ಕಡಿ, ಮೈಕ್ರೋಮೀಟರ್, ಸಿಮೆಂಟಿನ ನೀರಿನ ತೊಟ್ಟಿ ಮತ್ತು ಒಂದು ಉದ್ದನೆಯ ರಿಜಿಸ್ಟರ್. ಅಲ್ಲಿಂದ ಹೋದ ಮೋಟರುಗಳು ವರ್ಷಗಟ್ಟಲೆ ಕೆಳಗೇ ಇರುವುದಕ್ಕೆ ಕಾರಣ, ನೋಡುವವರಿಗೆ ಬೇಸರ ತರಿಸುವಷ್ಟು ಒಂದೇ ಥರದ ಕೆಲಸಗಳನ್ನು ಅವರು ಒಂದು ಮೋಟರಿಗೂ ಬಿಡದೆ ಮಾಡುವುದು.

ಮೋಟರ್ ಇಳಿಸಿದ ಕೂಡಲೇ ಸ್ಪಾನರ್ ಹಿಡಿಯುವುದಿಲ್ಲ. ಮೊದಲು ಪ್ರಶ್ನೆ. ಬೋರಿನ ಆಳ ಎಷ್ಟು, ಮೋಟರ್ ಎಷ್ಟು ಅಡಿಗೆ ಕೂತಿತ್ತು, ಕೇಬಲ್ ಯಾವ ಸೈಜು, ಒಂದೇ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಮೇಲೆ ಎಷ್ಟು ಮೋಟರು ಓಡುತ್ತವೆ, ಕರೆಂಟ್ ಬಂದ ಕೂಡಲೇ ತಾನೇ ಚಾಲೂ ಮಾಡುವ ಆಟೋ ಸ್ಟಾರ್ಟರ್ ಇದೆಯೇ, ಮೂರು ಫೇಸ್ ಇಲ್ಲದಾಗ ಕಂಡೆನ್ಸರ್ ಹಾಕಿ ಎರಡು ಫೇಸಿನಲ್ಲಿ ಓಡಿಸುತ್ತೀರಾ, ಸುಡುವ ಮುಂಚೆ ನೀರು ಹೇಗೆ ಬರುತ್ತಿತ್ತು. ಕಂಡೆನ್ಸರ್ ಪ್ರಶ್ನೆಗೆ ಬಹಳ ಜನ ಮೊದಲು ಇಲ್ಲ ಅನ್ನುತ್ತಾರೆ. "ಬೈಯಾಕಲ್ಲ ಯಜಮಾನ್ರೆ ಕೇಳ್ತಿರೋದು. ಯಾಕ್ ಸುಡ್ತು ಅಂತ ಗೊತ್ತಾಗ್ದೆ ಸುತ್ತಿಕೊಟ್ರೆ ತಿರ್ಗಾ ಸುಡ್ತೈತೆ" ಎಂದು ಮಿಸ್ತ್ರಿ ಹೇಳಿದ ಮೇಲೆ ನಿಜ ಹೊರಗೆ ಬರುತ್ತದೆ. ನೀರು ಬಿಟ್ಟು ಬಿಟ್ಟು ಗಾಳಿ ಸಮೇತ ಬರುತ್ತಿತ್ತು ಎಂದರೆ ಬೋರು ಬತ್ತಿ ಡ್ರೈ ರನ್ ಆಗಿದೆ, ಅಂದರೆ ನೀರಿಲ್ಲದೆ ಓಡಿದೆ. ಕೆಂಪು ರಾಡಿ ಬರುತ್ತಿತ್ತು ಎಂದರೆ ಪಂಪಿನೊಳಗೆ ಮರಳು. ಮೋಟರ್ ಜೋರಾಗಿ ಓಡಿದರೂ ನೀರು ಮೊದಲಿನಿಂದಲೂ ಕಡಿಮೆ ಎಂದರೆ ಎರಡು ಫೇಸ್ ಅದಲುಬದಲಾಗಿ ತಿರುಗುಮುರುಗಾಗಿ ಓಡಿರಬಹುದು.

ಆಮೇಲೆ ಒಳಗಿನ ನೀರನ್ನು ಬಿಳಿ ಬಕೆಟ್ಟಿಗೆ ಸುರಿಸುತ್ತಾರೆ. ನೆಲಕ್ಕೆ ಚೆಲ್ಲುವುದಿಲ್ಲ, ಆ ನೀರಿನಲ್ಲೇ ಅರ್ಧ ಉತ್ತರ ಇರುತ್ತದೆ. ತಳದಲ್ಲಿ ನುಣ್ಣನೆ ಕರಿಪುಡಿ ಕೂತರೆ ಪಂಪಿನ ಒತ್ತಡ ಹೊರುವ ಥ್ರಸ್ಟ್ ಬೇರಿಂಗಿನ ಕಾರ್ಬನ್ ಸವೆದಿದೆ. ಮರಳು ಕಂಡರೆ ಮೇಲಿನ ಸ್ಯಾಂಡ್ ಗಾರ್ಡ್ ಅಥವಾ ಸೀಲ್ ಹೋಗಿದೆ. ನೀರು ಅರ್ಧವೇ ಬಂದರೆ ಮೋಟರ್ ಎಲ್ಲೋ ಸೋರಿ ಗಾಳಿ ತುಂಬಿಕೊಂಡು ಓಡುತ್ತಿತ್ತು. ನೀರು ತುಂಬಿದ ಮೋಟರಿನಲ್ಲಿ, ಶಾಫ್ಟ್ ಹಿಡಿದು ನಿಲ್ಲಿಸುವ ಬುಷ್‌ಗೆ ಎಣ್ಣೆ ಇಲ್ಲ, ಗ್ರೀಸ್ ಇಲ್ಲ. ಆ ನೀರೇ ಜಾರಿಕೆ, ಆ ನೀರೇ ತಂಪು.

ತಿರುಗದೆ ನಿಂತಿರುವ, ತಂತಿ ಸುತ್ತಿದ ಭಾಗವಾದ ಸ್ಟೇಟರ್ ಬಿಚ್ಚಿದ ಮೇಲೆ ಸುಟ್ಟ ತಂತಿಯನ್ನು ಓದುವ ಕೆಲಸ. ಮೂರು ಫೇಸಿನ ಸುರುಳಿಗಳ ಒಂದೊಂದು ತುದಿ ಒಟ್ಟಿಗೆ ಸೇರಿರುವ ಸ್ಟಾರ್ ಜೋಡಣೆಯ ಮೋಟರಿನಲ್ಲಿ ಎರಡು ಫೇಸಿನ ಸುರುಳಿಗಳು ಕರಕಲಾಗಿ ಮೂರನೆಯದು ಹೊಸದರಂತೆ ಇದ್ದರೆ ಅದು ಸಿಂಗಲ್ ಫೇಸಿಂಗ್: ಒಂದು ಲೈನ್ ಹೋಗಿ ಉಳಿದೆರಡರ ಮೇಲೆ ಪೂರ್ತಿ ಭಾರ ಬಿದ್ದಿದೆ. ಒಂದು ಸುರುಳಿಯ ಕೊನೆ ಇನ್ನೊಂದರ ಮೊದಲಿಗೆ ಸೇರಿರುವ ಡೆಲ್ಟಾ ಜೋಡಣೆಯಲ್ಲಿ ಇದೇ ತೊಂದರೆಗೆ ಒಂದು ಫೇಸ್ ಮಾತ್ರ ಸುಡುತ್ತದೆ. ಮೂರೂ ಸಮವಾಗಿ ಕಪ್ಪಾಗಿದ್ದರೆ ಕಡಿಮೆ ವೋಲ್ಟೇಜ್, ಓವರ್‌ಲೋಡ್, ಪಂಪ್ ಜಾಮ್ ಅಥವಾ ತಂಪು ಸಿಗದಿರುವುದು. ಎಲ್ಲ ಚೆನ್ನಾಗಿದ್ದು ತಂತಿ ಕೂರುವ ಸ್ಲಾಟಿನ ಬಾಯಲ್ಲಿ ಒಂದು ಕಡೆ ಮಾತ್ರ ತಾಮ್ರ ಕರಗಿ ಗುಳಿ ಬಿದ್ದಿದ್ದರೆ ಹಿಂದೆ ಸುತ್ತಿದವರ ಕೈಯಲ್ಲಿ ತಂತಿ ಗೀಚಿದೆ, ಇಲ್ಲವೇ ಸ್ಲಾಟಿನಲ್ಲಿ ತಗಡಿನ ಚೂಪು ಉಳಿದಿದೆ. ಮಿಸ್ತ್ರಿ ಇದನ್ನು ಮೋಟರ್ ತಂದವರಿಗೆ ತೋರಿಸಿ, ಫೋಟೋ ತೆಗೆಸಿ, ರಿಜಿಸ್ಟರಿನಲ್ಲಿ "ಕಾರಣ" ಎಂಬ ಕಾಲಮ್ಮಿನಲ್ಲಿ ಬರೆಯುತ್ತಾರೆ. ಇದೊಂದು ಕಾಲಮ್ ಇರುವ ಅಂಗಡಿ ಈ ಭಾಗದಲ್ಲಿ ಬಹಳ ಅಪರೂಪ. ಕಾರಣ ಹೊರಗೆ, ಪ್ಯಾನೆಲ್ಲಿನಲ್ಲೋ ಲೈನಿನಲ್ಲೋ ಇದ್ದರೆ ಒಳಗೆ ಎಷ್ಟು ಚೆಂದ ಸುತ್ತಿದರೂ ಅದು ಉಳಿಯುವುದಿಲ್ಲ. ಅದಕ್ಕೇ ಈ ಕಾಲಮ್ಮಿಗೆ ನಾವು ಕೊಡುವ ಅಂಕ ವೈಂಡಿಂಗ್ ಕೈಚಳಕಕ್ಕಿಂತ ಹೆಚ್ಚು.

ಹಳೆ ತಂತಿ ತೆಗೆಯುವುದರಲ್ಲೂ ಗಮನಿಸಬೇಕಾದ್ದಿದೆ. ಅವಸರದ ಅಂಗಡಿಗಳು ಸ್ಟೇಟರನ್ನೇ ಬೆಂಕಿಗೆ ಹಾಕಿ ಪ್ಲಾಸ್ಟಿಕ್ ಸುಟ್ಟು ತಾಮ್ರ ಎಳೆದುಕೊಳ್ಳುತ್ತವೆ. ಸ್ಟೇಟರಿನ ತೆಳು ತಗಡುಗಳ ನಡುವೆ ಇರುವ ನಿರೋಧಕ ಲೇಪ ಆ ಬೆಂಕಿಗೆ ಹಾಳಾಗುತ್ತದೆ. ಆಮೇಲೆ ತಗಡುಗಳಲ್ಲೇ ವಿದ್ಯುತ್ ಸುತ್ತಾಡಿ ಮೋಟರ್ ಲೋಡಿಲ್ಲದೆಯೂ ಬಿಸಿಯಾಗುತ್ತದೆ. ಹೊಸ ತಂತಿ ಹಾಕಿದ್ದರೂ ಆಯಸ್ಸು ಕಡಿಮೆ, ಕಾರಣ ಹೊರಗೆ ಕಾಣುವುದಿಲ್ಲ. ಈ ಅಂಗಡಿಯಲ್ಲಿ ಒಂದು ತುದಿಯ ಸುರುಳಿ ಕತ್ತರಿಸಿ ಇನ್ನೊಂದು ತುದಿಯಿಂದ ಒಂದೊಂದೇ ಎಳೆ ಎಳೆಯುತ್ತಾರೆ. ಅರ್ಧ ದಿನ ಹಿಡಿಯುವ, ಕೈ ನೋಯುವ ಕೆಲಸ. ಎಳೆಯುವಾಗಲೇ ಸುತ್ತುಗಳ ಎಣಿಕೆ, ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ ಹೋಗಿದೆ, ಜೋಡಣೆ ಹೇಗಿದೆ ಎಂಬುದು ರಿಜಿಸ್ಟರಿಗೆ ಹೋಗುತ್ತದೆ. ತಂತಿಯ ದಪ್ಪ ಅಳೆಯುವುದು ಮೇಲಿನ ಪ್ಲಾಸ್ಟಿಕ್ ಸುಲಿದು, ಬರಿಯ ತಾಮ್ರಕ್ಕೆ ಮೈಕ್ರೋಮೀಟರ್ ಹಿಡಿದು. ಕೊನೆಗೆ ಹಳೆ ತಾಮ್ರ ತಕ್ಕಡಿಗೆ. ಆ ತೂಕವನ್ನು ಗಿರಾಕಿಯ ಎದುರಿಗೆ ಬರೆದು, ಬೇಕಾದರೆ ತಾಮ್ರವನ್ನೇ ಕೊಡುತ್ತಾರೆ, ಇಲ್ಲವೇ ಗುಜರಿ ದರದಲ್ಲಿ ಬಿಲ್ಲಿನಿಂದ ಕಳೆಯುತ್ತಾರೆ. ಹಳೆ ತಾಮ್ರದ ಮಾತೇ ಎತ್ತದ ಅಂಗಡಿಯಲ್ಲಿ ವೈಂಡಿಂಗ್ ಅಗ್ಗ ಅನ್ನಿಸುವುದಕ್ಕೆ ಹಲವು ಸಲ ಕಾರಣ ಅದೇ.

ಎಣಿಕೆಗೆ ಇಷ್ಟು ಮಹತ್ವ ಯಾಕೆ? ಸುತ್ತು ಕಡಿಮೆಯಾದರೆ ಕಬ್ಬಿಣದಲ್ಲಿ ಕಾಂತಬಲ ಮಿತಿ ಮೀರಿ, ಲೋಡಿಲ್ಲದೆಯೇ ಕರೆಂಟ್ ಹೆಚ್ಚು ಎಳೆದು ಬಿಸಿಯಾಗುತ್ತದೆ. ಸುತ್ತು ಹೆಚ್ಚಾದರೆ ಎಳೆಯುವ ಬಲ ಕುಸಿದು, ಕಡಿಮೆ ವೋಲ್ಟೇಜಿನಲ್ಲಿ ಮೋಟರ್ ಏಳುವುದೇ ಇಲ್ಲ. ಬೇಕಾದ ಗೇಜ್ (ತಂತಿಯ ದಪ್ಪ) ಸಿಗಲಿಲ್ಲ ಎಂದು ಒಂದು ನಂಬರ್ ತೆಳು ತಂತಿ ಹಾಕುವುದು ಇನ್ನೊಂದು ಮಾಮೂಲಿ ಅಡ್ಡದಾರಿ. ಸ್ಲಾಟಿನಲ್ಲಿ ಸಲೀಸಾಗಿ ತೂರುತ್ತದೆ, ಕೆಲಸ ಬೇಗ ಮುಗಿಯುತ್ತದೆ, ತಂತಿಯ ತೂಕವೂ ಉಳಿಯುತ್ತದೆ. ಪೂರ್ತಿ ಲೋಡಿನಲ್ಲಿ ಮಾತ್ರ ಅದು ತಾಳುವುದಿಲ್ಲ. ಹೊಸ ತಂತಿಯ ತೂಕ ಹಳೆಯದರ ಸಮಕ್ಕೆ ಬಂತೇ ಎಂದು ಕೇಳಿದರೆ ಸಾಕು, ಈ ಕಳ್ಳದಾರಿ ಸಿಕ್ಕಿಬೀಳುತ್ತದೆ. ತಂತಿಯ ರೀಲಿನ ಮೇಲೆ ಐಎಸ್ 8783 ಗುರುತು ಇದೆಯೇ ನೋಡಿ. ಸಬ್‌ಮರ್ಸಿಬಲ್ ವೈಂಡಿಂಗ್ ತಂತಿಗೆ ಇರುವ ಭಾರತೀಯ ಮಾನಕ ಅದು.

ನೀರು ತುಂಬುವ ಮೋಟರಿಗೆ ಸುರುಳಿಯನ್ನು ಹೊರಗೆ ಸುತ್ತಿ ತಂದು ಕೂರಿಸಲು ಬರುವುದಿಲ್ಲ. ತಂತಿಯನ್ನು ಸ್ಲಾಟಿನ ಒಂದು ಬಾಯಿಂದ ತೂರಿ ಇನ್ನೊಂದು ಬಾಯಿಂದ ಎಳೆಯಬೇಕು, ಒಂದೊಂದು ಸುತ್ತಿಗೂ. 24 ಸ್ಲಾಟಿನ ಸ್ಟೇಟರಿನಲ್ಲಿ ಫೇಸಿಗೆ ಎಂಟರಂತೆ ಸ್ಲಾಟುಗಳು. ಎಳೆಯುವ ಮುಂಚೆ ಪ್ರತಿ ಸ್ಲಾಟಿಗೂ ಬಟ್ಟೆ ಸುತ್ತಿದ ಕಡ್ಡಿ ಆಡಿಸುತ್ತಾರೆ. ಬಟ್ಟೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಚೂಪಿದೆ, ಅರದಿಂದ ತಟ್ಟಿ ಮತ್ತೆ ಬಟ್ಟೆ ಆಡಿಸಬೇಕು. ಈ ಬಟ್ಟೆ ಕೆಲಸವನ್ನು ಮಿಸ್ತ್ರಿ ಹುಡುಗರಿಗೆ ಬಿಡುವುದಿಲ್ಲ, ತಾವೇ ಮಾಡುತ್ತಾರೆ. ತಂತಿ ಎಳೆಯುವಾಗ ಕೈಗೆ ಸುಣ್ಣ, ಅಡಿಕೆ ಪುಡಿ ಏನೂ ಅಂಟಿರಬಾರದು. ಎಲೆಅಡಿಕೆ ಹಾಕಿಕೊಂಡವರು ಕೈ ತೊಳೆದು ಬರುವುದು ಅಲ್ಲಿನ ಕಟ್ಟುನಿಟ್ಟು.

ಸುತ್ತಿದ ಮೇಲೆ ಬರುವುದು ಗಿರಾಕಿಗಳಿಗೆ ತಾಳ್ಮೆ ಕೆಡಿಸುವ ಹಂತ: ಸ್ಟೇಟರನ್ನು ಲೀಡ್ ತುದಿಗಳು ಮೇಲಿರುವಂತೆ ತೊಟ್ಟಿಯ ನೀರಿನಲ್ಲಿ ರಾತ್ರಿಯಿಡೀ ಮುಳುಗಿಸಿ ಇಡುವುದು. ಒಣಗಿದ ಸ್ಟೇಟರಿಗೆ ಮೆಗ್ಗರ್ ಹಿಡಿದರೆ ಗೀಚಿದ ತಂತಿಯೂ ಪಾಸಾಗುತ್ತದೆ, ಗೀಚಿದ ಜಾಗಕ್ಕೆ ನೀರು ಇಳಿಯಲು ಹೊತ್ತು ಬೇಕಲ್ಲ. ಸಂಜೆ ಮುಳುಗಿಸುವಾಗ ಒಂದು ರೀಡಿಂಗ್, ಬೆಳಿಗ್ಗೆ ಒಂದು. 500 ವೋಲ್ಟ್ ಮೆಗ್ಗರನ್ನು ಒಂದು ನಿಮಿಷ ಬಿಡದೆ ತಿರುಗಿಸಿ ಓದುತ್ತಾರೆ. ಮುಳ್ಳು ಮೇಲೇರಿ ನಿಂತರೆ ಸರಿ. ಮೇಲೇರಿ ನಿಧಾನಕ್ಕೆ ಕೆಳಗಿಳಿದರೆ ಎಲ್ಲೋ ನೀರು ತಾಗುತ್ತಿದೆ. ಹೊಸದಾಗಿ ಸುತ್ತಿದ್ದು ನೂರಾರು ಮೆಗಾಓಮ್ ತೋರಿಸಬೇಕು. ಕೇಬಲ್ ಸಮೇತ ಬೋರಿನೊಳಗೆ ಇಳಿದ ಮೇಲೆ 2 ಮೆಗಾಓಮಿಗಿಂತ ಮೇಲಿದ್ದರೆ ನೆಮ್ಮದಿ, ಅರ್ಧ ಮೆಗಾಓಮಿಗಿಂತ ಕೆಳಗಿದ್ದರೆ ಓಡಿಸಬಾರದು. ರಾತ್ರಿ ಕೊಟ್ಟು ಬೆಳಿಗ್ಗೆ ಪಡೆಯುವ ಮೋಟರಿಗೆ ಈ ನೆನೆಯುವ ರಾತ್ರಿ ಸಿಕ್ಕಿರುವುದಿಲ್ಲ. ಅಂಥದ್ದು ಮೊದಲ ಸಲ ನೆನೆಯುವುದು ನಿಮ್ಮ ಬೋರಿನಲ್ಲೇ.

ಬೇರಿಂಗಿನ ಕೆಲಸವೂ ಅಷ್ಟೇ ಮೌನದ್ದು. ಇಡೀ ಪಂಪಿನ ಒತ್ತಡ ಕೊನೆಗೆ ಬಂದು ಕೂರುವುದು ಮೋಟರಿನ ತಳದ ಕಾರ್ಬನ್ ಥ್ರಸ್ಟ್ ಬೇರಿಂಗ್ ಮೇಲೆ. ಕಾರ್ಬನ್ ಬಿಲ್ಲೆಯನ್ನೂ ಅದರ ಎದುರಿನ ಸ್ಟೀಲ್ ತುಂಡುಗಳನ್ನೂ ಸಮತಟ್ಟಾದ ಗಾಜಿನ ಮೇಲೆ ನುಣ್ಣನೆ ವಾಟರ್ ಪೇಪರ್ ಇಟ್ಟು ಉಜ್ಜಿ, ಒಂದರ ಮೇಲೊಂದು ಪೂರ್ತಿ ಕೂರುತ್ತದೆಯೇ ಎಂದು ನೋಡುತ್ತಾರೆ. ಕೂದಲೆಳೆ ಬಿರುಕು ಕಂಡರೂ ಬದಲಿ. ಬುಷ್ ಸಡಿಲವಾಗಿದ್ದರೆ ಒಳಗೆ ತಿರುಗುವ ರೋಟರ್ ಸ್ಟೇಟರಿಗೆ ಉಜ್ಜುತ್ತದೆ, ಹೊಸ ವೈಂಡಿಂಗ್ ಜೊತೆಗೇ ಹೋಗುತ್ತದೆ. ಹಾಗಾಗಿ ಸುಟ್ಟ ಮೋಟರ್ ಬಂದರೆ ಬುಷ್ ಅಳೆಯದೆ ಅಲ್ಲಿ ಸುತ್ತುವುದಿಲ್ಲ. ತಳದ ರಬ್ಬರ್ ಡಯಾಫ್ರಮ್ ಗಟ್ಟಿಯಾಗಿದ್ದರೆ ಅದೂ ಬದಲಿ: ನೀರು ಬಿಸಿಯಾಗಿ ಹಿಗ್ಗಿದಾಗ ಆ ರಬ್ಬರ್ ಬಗ್ಗದಿದ್ದರೆ ಒತ್ತಡ ಸೀಲನ್ನು ತಳ್ಳುತ್ತದೆ. ಪಂಪಿನ ಕಡೆ ನೀರನ್ನು ಮೇಲೆ ತಳ್ಳುವ ಇಂಪೆಲ್ಲರ್, ನೀರು ಒಳಗೆ ಬರುವ ಜಾಲರಿ, ನೀರು ಹಿಂದಕ್ಕೆ ಬರದಂತೆ ತಡೆಯುವ ಎನ್‌ಆರ್‌ವಿ ವಾಲ್ವ್ ನೋಡುತ್ತಾರೆ. ಅದು ಎಲ್ಲ ಅಂಗಡಿಯವರೂ ಮಾಡುವುದೇ, ಹೆಚ್ಚು ಹೇಳುವಂಥದ್ದಿಲ್ಲ.

ನೀರು ತುಂಬುವಾಗ ಎರಡೂ ಪ್ಲಗ್ ಬಿಚ್ಚಿ, ಮೋಟರನ್ನು ಸ್ವಲ್ಪ ವಾಲಿಸಿ, ಕುಡಿಯುವ ನೀರನ್ನು ಸೋಸಿ ಸಣ್ಣ ಧಾರೆಯಲ್ಲಿ ಬಿಡುತ್ತಾರೆ. ಶಾಫ್ಟನ್ನು ಕೈಯಲ್ಲಿ ತಿರುಗಿಸುತ್ತ, ಗುಳ್ಳೆ ನಿಂತ ಮೇಲೆ ಅರ್ಧ ಗಂಟೆ ಹಾಗೇ ಬಿಟ್ಟು, ಇಳಿದಷ್ಟು ಮತ್ತೆ ತುಂಬಿ ಪ್ಲಗ್ ಬಿಗಿಯುತ್ತಾರೆ. ಒಳಗೆ ಗಾಳಿ ಉಳಿದರೆ ಮೇಲಿನ ಬುಷ್ ಒಣಗಿ ಓಡುತ್ತದೆ. ಇದೇ ಕಾರಣಕ್ಕೆ ಇಲ್ಲಿ ಮೋಟರನ್ನು ನೆಲದ ಮೇಲಿಟ್ಟು "ಒಂದು ಸೆಕೆಂಡ್ ಓಡಿಸಿ ತೋರಿಸಿ" ಎಂದರೆ ಒಪ್ಪುವುದಿಲ್ಲ. ತೊಟ್ಟಿಯಲ್ಲಿ ಮುಳುಗಿಸಿಯೇ ಓಡಿಸಿ ಮೂರು ಫೇಸಿಗೂ ಟಾಂಗ್ ಟೆಸ್ಟರ್ ಹಿಡಿದು ತೋರಿಸುತ್ತಾರೆ. ಮೂರೂ ಕರೆಂಟ್ ಹತ್ತಿರ ಹತ್ತಿರ ಇರಬೇಕು. ಒಂದು ಹೆಚ್ಚು ಕಂಡರೆ ಮೂರು ತಂತಿಯನ್ನೂ ಸ್ಟಾರ್ಟರಿನಲ್ಲಿ ಒಂದೊಂದು ಸ್ಥಾನ ಮುಂದೆ ಸರಿಸಿ ಮತ್ತೆ ಅಳೆಯುತ್ತಾರೆ. ಹೀಗೆ ಸರಿಸಿದರೆ ತಿರುಗುವ ದಿಕ್ಕು ಬದಲಾಗುವುದಿಲ್ಲ. ಹೆಚ್ಚಿನ ಕರೆಂಟ್ ಮೋಟರಿನ ತಂತಿಯ ಜೊತೆ ಸರಿದರೆ ದೋಷ ಮೋಟರಿನದ್ದು, ಲೈನಿನ ಜಾಗದಲ್ಲೇ ಉಳಿದರೆ ದೋಷ ಸಪ್ಲೈಯದ್ದು. ವೋಲ್ಟೇಜಿನಲ್ಲಿ ಶೇ. 1ರಷ್ಟು ಏರುಪೇರಿದ್ದರೆ ಕರೆಂಟಿನಲ್ಲಿ ಅದರ ಆರರಿಂದ ಹತ್ತು ಪಟ್ಟು ಏರುಪೇರು ಕಾಣುತ್ತದೆ. ಲೋಡಿನಲ್ಲಿ ಮೂರು ಫೇಸಿನ ಕರೆಂಟ್ ಸರಾಸರಿಗಿಂತ ಶೇ. 5ಕ್ಕಿಂತ ಹೆಚ್ಚು ಅತ್ತಿತ್ತ ಆದರೆ ಬಿಟ್ಟು ಓಡಿಸುವುದು ಅಪಾಯ.

ಇಷ್ಟೆಲ್ಲ ಆಗಿ ಮೋಟರ್ ಗಾಡಿಗೆ ಏರಿದ ಮೇಲೂ ಕೆಲಸ ಕೆಡಿಸಬಲ್ಲದ್ದು ಕೇಬಲ್ ಜಾಯಿಂಟ್. ಅಂಗಡಿಯವರು ಹೊಲಕ್ಕೆ ಬರುವುದಿಲ್ಲ, ಆದರೆ ಜಾಯಿಂಟನ್ನು ಅಂಗಡಿಯಲ್ಲೇ ಒಂದು ತುಂಡು ಕೇಬಲ್ ಮೇಲೆ ಮಾಡಿ ತೋರಿಸಿ ಕಳಿಸುತ್ತಾರೆ. ಮೂರು ಕೋರನ್ನೂ ಒಂದೇ ಕಡೆ ಕತ್ತರಿಸಬಾರದು. ಒಂದಕ್ಕೊಂದು ಮೂರು ಇಂಚು ಹಿಂದೆಮುಂದೆ ಬರಬೇಕು. ಹಾಗೆ ಮಾಡಿದರೆ ಜಾಯಿಂಟ್ ಗಂಟಿನಂತೆ ದಪ್ಪಗಾಗಿ ಬೋರಿನ ಕೇಸಿಂಗ್ ಪೈಪಿಗೆ ಉಜ್ಜುವುದಿಲ್ಲ, ಒಂದು ಕೋರಿನ ಟೇಪ್ ಹೋದರೂ ಪಕ್ಕದ್ದಕ್ಕೆ ತಾಗುವುದಿಲ್ಲ. ತಾಮ್ರದ ಎಳೆಗಳನ್ನು ಹೊಳಪು ಬರುವ ತನಕ ಕೆರೆದು, ಫೆರೂಲ್ ಎಂಬ ಸಣ್ಣ ತಾಮ್ರದ ನಳಿಕೆಯೊಳಗೆ ಎರಡೂ ಕಡೆಯಿಂದ ತೂರಿ, ಕ್ರಿಂಪಿಂಗ್ ಇಕ್ಕಳದಿಂದ ಒತ್ತಬೇಕು. ಬರೀ ಕೈಯಲ್ಲಿ ಹೊಸೆದರೆ ಸಾಲದು, ಸಡಿಲ ಜಾಯಿಂಟ್ ಬಿಸಿಯಾಗಿ ಒಂದು ಫೇಸ್ ಕಳಚಿದರೆ ಮತ್ತದೇ ಸಿಂಗಲ್ ಫೇಸಿಂಗ್. ಆಮೇಲೆ ರಬ್ಬರ್ ಟೇಪನ್ನು ಎಳೆದು ಹಿಗ್ಗಿಸಿ, ಹಿಂದಿನ ಸುತ್ತಿನ ಅರ್ಧದ ಮೇಲೆ ಬರುವಂತೆ, ಎರಡೂ ಕಡೆ ಕೇಬಲಿನ ಹೊದಿಕೆಯ ಮೇಲೆ ಎರಡು ಇಂಚು ಹತ್ತುವ ತನಕ, ಎರಡು ಮೂರು ಪದರ. ಹಿಗ್ಗಿಸದೆ ಸುತ್ತಿದರೆ ರಬ್ಬರ್ ತನ್ನೊಳಗೆ ತಾನು ಬೆಸೆಯುವುದಿಲ್ಲ. ಅದರ ಮೇಲೆ ಪಿವಿಸಿ ಟೇಪ್ ಬಿಗಿಯಾಗಿ. ಕೊನೆಗೆ ಜಾಯಿಂಟನ್ನು ಒಂದು ಬಕೆಟ್ ನೀರಿನಲ್ಲಿ ಅದ್ದಿಟ್ಟು, ಚಹಾ ಕುಡಿದು ಬಂದು ಮೆಗ್ಗರ್ ಹಿಡಿಯಬೇಕು. ಬೆವರಿನ ಕೈ, ಮಣ್ಣಿನ ಕೈ, ಪೈಪಿನ ಗ್ರೀಸ್ ಮೆತ್ತಿದ ಕೈ, ಮೂರೂ ಟೇಪಿಗೆ ಶತ್ರು.

ಇಳಿಸುವಾಗ ಹತ್ತು ಅಡಿಗೊಂದು ಕಡೆ ಕೇಬಲನ್ನು ಪೈಪಿಗೆ ಕಟ್ಟಬೇಕು, ಸಡಿಲ ಬಿಟ್ಟರೆ ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ. ಐದಾರು ಪೈಪ್ ಇಳಿದಾಗೊಮ್ಮೆ ಮೆಗ್ಗರ್ ಹಿಡಿಯಿರಿ ಎಂದು ಅಂಗಡಿಯವರು ಚೀಟಿಯಲ್ಲೇ ಬರೆದು ಕೊಡುತ್ತಾರೆ. ಕೇಸಿಂಗ್ ಬಾಯಿಗೆ ತಾಗಿ ಕೇಬಲ್ ಕತ್ತರಿಸಿದ್ದರೆ ಅದು ಹತ್ತನೇ ಪೈಪಿನಲ್ಲಿ ಗೊತ್ತಾಗುವುದಕ್ಕೂ ಮೂವತ್ತನೆಯದರಲ್ಲಿ ಗೊತ್ತಾಗುವುದಕ್ಕೂ ಒಂದಿಡೀ ದಿನದ ವ್ಯತ್ಯಾಸ. ಬೇಸಿಗೆಯಲ್ಲಿ ನೀರು ಇಳಿದಂತೆಲ್ಲ ಪೈಪ್ ಸೇರಿಸುತ್ತ ಹೋಗಿ ಮೋಟರನ್ನು ಬೋರಿನ ತಳಕ್ಕೇ ಕೂರಿಸುವುದು ನಮ್ಮ ಕಡೆಯ ದೊಡ್ಡ ತಪ್ಪು. ತಳದ ಕೆಸರಿನಲ್ಲಿ ಹೂತ ಮೋಟರಿನ ಮೈಗೆ ನೀರು ಹರಿಯುವುದಿಲ್ಲ, ಮೂರೂ ಫೇಸ್ ಸಮನಾಗಿ ಬೇಯುತ್ತವೆ. ಕನಿಷ್ಠ 15-20 ಅಡಿಯಾದರೂ ತಳ ಬಿಟ್ಟು ಕೂರಿಸಬೇಕು. ನೀರಿನ ಸೆಲೆ ಮೋಟರಿಗಿಂತ ಮೇಲಿದ್ದರೂ ಇದೇ ತೊಂದರೆ: ನೀರು ಮೇಲಿನಿಂದ ಬಂದು ನೇರ ಜಾಲರಿಗೆ ಹೋಗುತ್ತದೆ, ಕೆಳಗಿನ ಮೋಟರಿಗೆ ತಂಪಿಲ್ಲ. ಅಂಥ ಬೋರಿಗೆ ಮೋಟರಿನ ಸುತ್ತ ಒಂದು ಪಿವಿಸಿ ತೋಳು ಹಾಕಿ, ನೀರು ಕೆಳಗಿನಿಂದ ಮೈಯುಜ್ಜಿ ಬರುವಂತೆ ಮಾಡಬೇಕು. ಬೋರಿನ ಅಗಲ ಅದಕ್ಕೆ ಸಾಲುತ್ತದೆಯೇ ಎಂದು ಮೊದಲು ಅಳೆಯಿರಿ.

ಕೇಬಲ್ ಸೈಜಿನ ಲೆಕ್ಕವನ್ನೂ ಅಲ್ಲಿ ಮಾಡಿಕೊಡುತ್ತಾರೆ. 7.5 ಎಚ್‌ಪಿ ಮೋಟರ್, ಸುಮಾರು 15 ಆಂಪಿಯರ್, 200 ಮೀಟರ್ ಕೇಬಲ್ ಎಂದುಕೊಳ್ಳಿ. 2.5 ಚದರ ಮಿ.ಮೀ. ತಾಮ್ರದ ಕೇಬಲಿನಲ್ಲಿ ದಾರಿಯಲ್ಲೇ 33 ವೋಲ್ಟಿನಷ್ಟು ಹೋಗುತ್ತದೆ, 4ರಲ್ಲಿ 20, 6ರಲ್ಲಿ 14ರ ಹತ್ತಿರ. ಸಂಜೆ ಸ್ಟಾರ್ಟರಿನಲ್ಲಿ 370 ವೋಲ್ಟ್ ತೋರಿಸುವ ಊರಿನಲ್ಲಿ ತೆಳು ಕೇಬಲ್ ಹಾಕಿದರೆ ಮೋಟರಿಗೆ ಮುಟ್ಟುವುದು 340ರ ಆಸುಪಾಸು. ಎಳೆಯುವ ಬಲ ವೋಲ್ಟೇಜಿನ ವರ್ಗದಂತೆ ಇಳಿಯುವುದರಿಂದ, 415ರಲ್ಲಿ ಇರಬೇಕಾದ ಬಲದ ಮೂರರಲ್ಲಿ ಎರಡು ಪಾಲು ಮಾತ್ರ ಉಳಿಯುತ್ತದೆ. ಮೋಟರ್ ಏಳುವ ಹೊತ್ತಿನಲ್ಲಂತೂ ಕರೆಂಟ್ ಹಲವು ಪಟ್ಟು ಹೆಚ್ಚು, ಆಗ ಕೇಬಲಿನಲ್ಲಿ ಹೋಗುವುದೂ ಅಷ್ಟೇ ಹೆಚ್ಚು.

ಪ್ಯಾನೆಲ್ ಬೋರ್ಡಿನ ಫೋಟೋ ತೋರಿಸದೆ ಇಲ್ಲಿ ಗ್ಯಾರಂಟಿ ಬರೆದುಕೊಡುವುದಿಲ್ಲ. ಕರೆಂಟ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವ ಓವರ್‌ಲೋಡ್ ರಿಲೇ ಎಷ್ಟಕ್ಕೆ ಇದೆ ಎಂದು ಜೂಮ್ ಮಾಡಿ ನೋಡುತ್ತಾರೆ. ನೇರ ಸ್ಟಾರ್ಟರಿನಲ್ಲಿ ಮೋಟರಿನ ನೇಮ್‌ಪ್ಲೇಟಿನಲ್ಲಿರುವ ಆಂಪಿಯರಿಗೆ ಇಡಬೇಕು. ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ರಿಲೇ ಸಾಮಾನ್ಯವಾಗಿ ಡೆಲ್ಟಾದ ಒಳಗೆ ಬರುವುದರಿಂದ ಅದರ ಶೇ. 58ಕ್ಕೆ, ಅಂದರೆ 15 ಆಂಪಿಯರ್ ಮೋಟರಿಗೆ 8.7ಕ್ಕೆ. ಇಲ್ಲಿ 15ಕ್ಕೇ ಇಟ್ಟಿದ್ದರೆ ರಿಲೇ ಇದ್ದೂ ಇಲ್ಲದಂತೆ. ಪದೇ ಪದೇ ಟ್ರಿಪ್ ಆಗುತ್ತದೆಂದು ರಿಲೇ ತಿರುಪನ್ನು ಕೊನೆಗೆ ತಿರುಗಿಸಿಟ್ಟ ಬೋರ್ಡುಗಳು, ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಸಿಂಗಲ್ ಫೇಸಿಂಗ್ ಪ್ರಿವೆಂಟರಿನ ತಂತಿಯನ್ನೇ ಬೈಪಾಸ್ ಮಾಡಿದ ಬೋರ್ಡುಗಳು ಇವರ ಫೋನಿನಲ್ಲಿ ರಾಶಿ ಬಿದ್ದಿವೆ. ಪ್ರಿವೆಂಟರ್ ಕೆಲಸ ಮಾಡುತ್ತದೆಯೇ ಎಂದು ನೋಡುವುದು ಸುಲಭ: ಮೇನ್ ಆಫ್ ಮಾಡಿ ಒಂದು ಫ್ಯೂಸ್ ತೆಗೆದು ಆನ್ ಮಾಡಿ, ಸ್ಟಾರ್ಟರ್ ಹಿಡಿಯಬಾರದು.

ಆಟೋ ಸ್ಟಾರ್ಟರಿನ ವಿಷಯದಲ್ಲಿ ಇವರು ಕೊಡುವ ಸಲಹೆ ಪ್ರತಿ ಟಿ.ಸಿ.ಯ ರೈತರೂ ಕೂತು ಮಾತಾಡಬೇಕಾದ್ದು. ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ದಿನಕ್ಕೆ ಕೆಲವೇ ಗಂಟೆ. ಕರೆಂಟ್ ಬಂದ ಕ್ಷಣಕ್ಕೆ ಒಂದು ಟಿ.ಸಿ. ಮೇಲಿನ ಎಂಟು ಹತ್ತು ಮೋಟರು ಒಟ್ಟಿಗೆ ಏಳಲು ಹೋದರೆ ವೋಲ್ಟೇಜ್ ಕುಸಿದು ಒಂದೂ ಸರಿಯಾಗಿ ಏಳುವುದಿಲ್ಲ, ಎಲ್ಲವೂ ನಿಂತಲ್ಲೇ ಬಿಸಿಯಾಗುತ್ತವೆ. ಆಟೋ ಸ್ಟಾರ್ಟರಿನಲ್ಲಿರುವ ಟೈಮರನ್ನು ಒಬ್ಬರು 20 ಸೆಕೆಂಡ್, ಇನ್ನೊಬ್ಬರು 40, ಮತ್ತೊಬ್ಬರು 60 ಎಂದು ಹಂಚಿಕೊಂಡರೆ ಖರ್ಚಿಲ್ಲದೆ ತೊಂದರೆ ತಪ್ಪುತ್ತದೆ. ಟಿ.ಸಿ. ಸಂಖ್ಯೆಯನ್ನೂ ಇವರು ರಿಜಿಸ್ಟರಿನಲ್ಲಿ ಬರೆಯುವುದು ಇದಕ್ಕೇ. ಒಂದೇ ಟಿ.ಸಿ.ಯಿಂದ ಮೂರು ಮೋಟರ್ ಸುಟ್ಟು ಬಂದರೆ, ಮೂವರನ್ನೂ ಕರೆದು ಟೈಮರ್ ಮತ್ತು ಟಿ.ಸಿ.ಯ ಡಿ.ಓ. ಫ್ಯೂಸಿನ ಮಾತಾಡುತ್ತಾರೆ.

ಇನ್ನು ಕೊರತೆಗಳು. ಬೇಸಿಗೆಯಲ್ಲಿ ನಾಲ್ಕು ದಿನಕ್ಕಿಂತ ಬೇಗ ಕೊಡುವುದಿಲ್ಲ, ಏಪ್ರಿಲಿನಲ್ಲಿ ವಾರವೂ ಆಗಬಹುದು. ಅಲ್ಲಿಯ ತನಕ ಓಡಿಸಲು ಬದಲಿ ಮೋಟರ್ ಕೊಡುವ ಪದ್ಧತಿ ಇಲ್ಲ; ಬಾಡಿಗೆಗಾದರೂ ಎರಡು ಮೋಟರ್ ಇಟ್ಟುಕೊಂಡರೆ ಬಹಳ ಜನಕ್ಕೆ ಅನುಕೂಲ. ಕೂಲಿ ಸುತ್ತಲಿನ ಅಂಗಡಿಗಳಿಗಿಂತ ಹೆಚ್ಚು. ತಂತಿ, ಕೂಲಿ, ಬಿಡಿಭಾಗ ಬೇರೆ ಬೇರೆ ಬರೆದು ಬಿಲ್ ಕೊಡುತ್ತಾರಾದ್ದರಿಂದ ಎಲ್ಲಿ ಹೆಚ್ಚಾಯಿತು ಎಂಬುದಾದರೂ ಕಾಣುತ್ತದೆ. ಎಣ್ಣೆ ತುಂಬಿದ ಮೋಟರುಗಳನ್ನು ಮುಟ್ಟುವುದಿಲ್ಲ. ಅಮಾವಾಸ್ಯೆ ದಿನ ಕೆಲಸವಿಲ್ಲ. ಫೋನಿಗೆ ಸಿಗುವುದು ಕಷ್ಟ, ಮೆಗ್ಗರ್ ಹಿಡಿದ ಕೈ ಫೋನ್ ಎತ್ತುವುದಿಲ್ಲ. ಜಾಯಿಂಟ್ ಅವರು ಹೇಳಿದಂತೆ ಮಾಡಿಲ್ಲ ಎಂದು ಮೋಟರ್ ಎತ್ತಿದಾಗ ಕಂಡರೆ ಗ್ಯಾರಂಟಿ ಇಲ್ಲ. ಇದು ಕೆಲವರಿಗೆ ಕಟುವಾಗಿ ಕಾಣಬಹುದು, ನಮಗೆ ನ್ಯಾಯವೆಂದೇ ಅನ್ನಿಸುತ್ತದೆ.

ಒಂದೇ ಬೋರು, ಒಂದೇ ಮೋಟರ್, ಎಕರೆಗಟ್ಟಲೆ ಬಾಳೆ ಬಾಡುತ್ತಿದೆ ಎಂಬ ಸ್ಥಿತಿಯಲ್ಲಿ ಇಲ್ಲಿಗೆ ಬಂದು ಕಾಯುವುದು ಕಷ್ಟ. ಅಂಥವರು ಮೊದಲು ಹಳೆಯದೊಂದು ಮೋಟರನ್ನು ಇಲ್ಲಿ ಸುತ್ತಿಸಿ ಸ್ಪೇರ್ ಇಟ್ಟುಕೊಳ್ಳಲಿ. ಈ ಕೆಲಸಕ್ಕೆ ಒಳ್ಳೆಯ ಕಾಲ ಆಗಸ್ಟಿನಿಂದ ಅಕ್ಟೋಬರ್: ಮಳೆಗಾಲದಲ್ಲಿ ಅಂಗಡಿ ಖಾಲಿ, ಮಿಸ್ತ್ರಿಗೂ ಮಾತಾಡಲು ಪುರುಸೊತ್ತು. ಬರುವಾಗ ಮೋಟರಿನ ಜೊತೆ ಪಂಪನ್ನೂ ತನ್ನಿ, ಜಾಯಿಂಟ್ ಸಮೇತ ಎರಡು ಅಡಿ ಕೇಬಲ್ ಬಿಟ್ಟು ಕತ್ತರಿಸಿ ತನ್ನಿ, ಪ್ಯಾನೆಲ್ಲಿನ ಒಳಗಿನ ಫೋಟೋ ಬೆಳಕಿನಲ್ಲಿ ತೆಗೆದಿರಲಿ, ಟಿ.ಸಿ. ಸಂಖ್ಯೆ ಮತ್ತು ಬೋರಿನ ಆಳ ಗೊತ್ತಿರಲಿ. ವಾಪಸ್ ಒಯ್ಯುವಾಗ ಸಂಜೆ-ಬೆಳಿಗ್ಗೆಯ ಮೆಗ್ಗರ್ ರೀಡಿಂಗ್, ಮೂರು ಫೇಸಿನ ನೋ-ಲೋಡ್ ಕರೆಂಟ್, ಹಾಕಿದ ತಂತಿಯ ಗೇಜ್ ಮತ್ತು ತೂಕ ಬರೆದ ಚೀಟಿ ಕೇಳಿ ಪಡೆದು ಪ್ಯಾನೆಲ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿ. ಮೋಟರ್ ಇಳಿಸಿದ ದಿನದ ಲೋಡ್ ಕರೆಂಟನ್ನು ಅದರ ಕೆಳಗೆ ಬರೆದಿಟ್ಟು, ತಿಂಗಳಿಗೊಮ್ಮೆ ಟಾಂಗ್ ಟೆಸ್ಟರ್ ಹಿಡಿದು ಹೋಲಿಸಿ. ನೀರು ಕಡಿಮೆಯಾಗುತ್ತ ಕರೆಂಟ್ ಏರುತ್ತಿದ್ದರೆ ಬುಷ್ ಅಥವಾ ಥ್ರಸ್ಟ್ ಸವೆಯುತ್ತಿದೆ, ಸುಡುವ ಮುಂಚೆಯೇ ಎತ್ತಿಸಿ. ಸ್ಪೇರ್ ಮೋಟರನ್ನು ನೀರು ತುಂಬಿಸಿ ನೇರ ನಿಲ್ಲಿಸಿಡಿ, ಹದಿನೈದು ದಿನಕ್ಕೊಮ್ಮೆ ಶಾಫ್ಟನ್ನು ಕೈಯಲ್ಲಿ ತಿರುಗಿಸಿ. ಬೋರಿನಲ್ಲೇ ಇದ್ದು ಮಳೆಗಾಲದಲ್ಲಿ ಓಡದ ಮೋಟರನ್ನೂ ಅಷ್ಟೇ ದಿನಕ್ಕೊಮ್ಮೆ ಐದು ನಿಮಿಷ ಓಡಿಸಿ.